ಬಿದ್ದಿದ್ದು ತೋರಿಸಿದರು, ಹತ್ತಿದ್ದು ತೋರಿಸಲಿಲ್ಲ

ಮಾಗಡಿ ಬಸ್‌ಸ್ಟಾಂಡಿನಲ್ಲಿ ಹೂವಿನವಳ ಹತ್ತಿರ ಒಂದು ಮೊಳ ಕನಕಾಂಬರ ಕೇಳಿದೆ. ಆಕೆ ಹೂವು ಅಳೆಯುವುದನ್ನು ಅರ್ಧಕ್ಕೇ ಬಿಟ್ಟು ನನ್ನ ಮುಖ ನೋಡಿದಳು.

“ಟೀವಿಲಿ ಬಂದಿದ್ರಲ್ಲ, ಆ ಅಜ್ಜಿ ಅಲ್ವಾ ನೀವು? ಬೆಟ್ಟ ಹತ್ತೋ ಶೋನಲ್ಲಿ ಬಿದ್ಲಲ್ಲ, ಆ ಹುಡುಗಿ ಅಜ್ಜಿ?”

“ಹತ್ತುದ್ಲು ಕಣವ್ವ. ತುದಿಗಂಟ ಹತ್ತುದ್ಲು,” ಅಂದೆ.

“ಬುಡಿ ಅಜ್ಜಿ, ನಾವೇ ನೋಡಿದ್ವಲ್ಲ. ಬೇಜಾರ್ ಮಾಡ್ಕಬೇಡಿ,” ಅಂತ ಒಂದು ಗೇಣು ಹೂವು ಜಾಸ್ತಿ ಬಿಟ್ಟು ಕೊಟ್ಟಳು.

ಆ ಹೆಚ್ಚಿನ ಗೇಣು ಹೂವು ಕೈಗೆ ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಆಕೆಯ ಮೇಲಲ್ಲ, ಅವಳು ಒಳ್ಳೆ ಮನಸ್ಸಿನಿಂದಲೇ ಕೊಟ್ಟಳು. ಸಾವಿನ ಮನೆಗೆ ಹೋದವರು ಮಾತಾಡುವ ಹಾಗೆ ಮಾತಾಡಿದಳಲ್ಲ, ಆ ದನಿಗೆ ಉರಿಯಿತು. ನನ್ನ ಮನೆಯಲ್ಲಿ ಏನೂ ಕೆಟ್ಟದ್ದು ಆಗಿಲ್ಲ. ನನ್ನ ಮೊಮ್ಮಗಳು ಕನಕಪುರದ ಕಡೆಯ ಒಂದು ಬೋಳುಬಂಡೆಯನ್ನು ಹತ್ತಿ ಅದರ ನೆತ್ತಿಯ ಮೇಲೆ ನಿಂತಳು. ನಾನು ಕೆಳಗೆ ನಿಂತು ನನ್ನ ಎರಡು ಕಣ್ಣಿಂದ ನೋಡಿದೆ. ಆದರೆ ಊರೂರೆಲ್ಲ ಅವಳು ಬಿದ್ದಳು ಅಂತಲೇ ತಿಳಿದುಕೊಂಡಿದೆ. ಟೀವಿಯವರು ಜಾರಿದ್ದನ್ನು ತೋರಿಸಿದರು, ಹತ್ತಿದ್ದನ್ನು ನುಂಗಿಕೊಂಡರು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಸೊಟ್ಟ, ಒತ್ತು ಎಲ್ಲಿ ಬರುತ್ತೆ ಎಲ್ಲಿ ಬರಲ್ಲ ಅಂತ ಈಗಲೂ ಅನುಮಾನ. ಆದರೂ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಿದರೆ ಜನ, ಹೆತ್ತವರಿಗೆ ಹೆಗ್ಗಣ ಮುದ್ದು ಬಿಡು, ಅಜ್ಜಿ ಹೇಳಿಕೊಳ್ಳುತ್ತೆ ಅಂತ ಎದ್ದು ಹೋಗುತ್ತಾರೆ. ಮುದ್ದು ಹೌದು. ಮುದ್ದು ಅಲ್ಲ ಅಂತ ಯಾರು ಹೇಳಿದರು? ನನ್ನ ಮೊಮ್ಮಗಳನ್ನು ನೆನೆಸಿಕೊಂಡರೆ ನನಗೆ ಹಾಲು ಉಕ್ಕಿ ಒಲೆಗೆ ಸುರಿದ ಹಾಗೆ ಆಗುತ್ತೆ, ತಡೆಯಕ್ಕೆ ಆಗಲ್ಲ. ಹಾಗಂತ ನಾನು ಸುಳ್ಳು ಹೇಳುವವಳಲ್ಲ.

ಅವಳು ನನ್ನ ಮಗನ ಮಗಳು. ಬಿಡದಿಯಲ್ಲಿ ಕಾರಿನ ಬಾಗಿಲುಗಳಿಗೆ ರಬ್ಬರ್ ಕೂರಿಸುವ ಕೆಲಸ ಮಾಡುತ್ತಾಳೆ. ಕಂಪನಿ ಬಸ್ಸು ನಮ್ಮೂರ ಗೇಟಿಗೇ ಬಂದು ಹತ್ತಿಸಿಕೊಂಡು ಹೋಗುತ್ತೆ. ಆರು ದಿನ ರಬ್ಬರು, ಭಾನುವಾರ ಬಂಡೆ. ರಾಮನಗರದ ಸುತ್ತ ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವವರ ಗುಂಪು ಒಂದಿದೆ, ಅದರ ಜೊತೆ ಸೇರಿಕೊಂಡಿದ್ದಾಳೆ. ಬೆರಳಿನ ತುದಿಯೆಲ್ಲ ದಪ್ಪಗಾಗಿ ನನ್ನ ಬೆರಳಿನ ಹಾಗೇ ಆಗಿವೆ. ನನ್ನವು ಸೊಪ್ಪು ಕುಯ್ದು ಕುಯ್ದು ಆದವು. ನಮ್ಮದು ರೇಷ್ಮೆ ಬೆಳೆಯುವ ಮನೆ.

ಸೊಸೆಗೆ ಇದು ಮೊದಲಿಂದಲೂ ಇಷ್ಟವಿಲ್ಲ. “ನೋಡತ್ತೆ, ಮದುವೆಗ್ ಬಂದಿರೋ ಹುಡುಗಿ, ಬಂಡೆ ತಬ್ಕಂಡು ನೇತಾಡ್ತಾಳೆ,” ಅಂತ ದಿನಾ ಒಂದು ಸಲ ಹೇಳದಿದ್ದರೆ ಅವಳಿಗೆ ಅನ್ನ ಇಳಿಯಲ್ಲ.

“ತಬ್ಕಳ್ಳಿ ಬುಡವ್ವ. ಬಂಡೆ ಏನು ಕುಡ್ಕಬಂದು ಹೊಡೀತದಾ?” ಅಂತೀನಿ ನಾನು.

ಮಗ ಒಳಗಿಂದ, “ಅವ್ವ, ನೀನೇ ಕೆಡಿಸ್ತಿದ್ದೀಯ ಅವಳನ್ನ,” ಅಂತಾನೆ. ಅವನ ದನಿಯಲ್ಲಿ ಸಿಟ್ಟಿರಲ್ಲ. ಮಗಳು ಟೀವಿ ಶೋಗೆ ಆಯ್ಕೆಯಾದಳು ಅಂತ ಫೋನ್ ಬಂದ ದಿನ ಅವನು ಹಿಪ್ಪುನೇರಳೆ ತೋಟದ ಮಧ್ಯೆ ನಿಂತು ಯಾರಿಗೂ ಕಾಣದ ಹಾಗೆ ಟವೆಲಿನಲ್ಲಿ ಮುಖ ಒರೆಸಿಕೊಂಡಿದ್ದನ್ನು ನಾನು ನೋಡಿದ್ದೇನೆ.

ಆ ಶೋ ನೀವೆಲ್ಲ ನೋಡಿರುತ್ತೀರಿ, ಹೆಸರು ಬೇಡ. ಹುಡುಗ ಹುಡುಗಿಯರು ಬಂಡೆ ಹತ್ತಬೇಕು, ಬಿದ್ದವರು ಮನೆಗೆ, ಉಳಿದವರು ಮುಂದಿನ ವಾರಕ್ಕೆ. ನಮ್ಮವಳು ಮೊದಮೊದಲ ವಾರಗಳಲ್ಲಿ ಸಲೀಸಾಗಿ ಹತ್ತಿ ಉಳಿದುಕೊಂಡಳು. ಆಮೇಲೆ ಟೀವಿಯವರು ನಮ್ಮ ಮನೆಗೆ ಬರುತ್ತೇವೆ ಅಂದರು. ಹತ್ತುವವರ ಮನೆ, ಊರು, ಹೆತ್ತವರು ಎಲ್ಲವನ್ನೂ ತೋರಿಸುತ್ತಾರಂತೆ. ನಾವು ಮನೆಗೆ ಸುಣ್ಣ ಹೊಡೆಸಿದೆವು. ಸೊಸೆ ಒಬ್ಬಟ್ಟಿಗೆ ಬೇಳೆ ನೆನೆಹಾಕಿದಳು.

ವ್ಯಾನಿನಿಂದ ಇಳಿದವರಲ್ಲಿ ತಲೆಗೆ ಟೋಪಿ ಹಾಕಿಕೊಂಡ ಒಬ್ಬಳು ಹುಡುಗಿ ಎಲ್ಲರಿಗೂ ಯಜಮಾನಿ. ಮಾತು ಜೇನು. ಬಂದವಳೇ ನನ್ನ ಕೆನ್ನೆ ಹಿಡಿದು, “ಅಯ್ಯೋ ಎಷ್ಟು ಸ್ವೀಟ್ ಇದೀರ ಅಜ್ಜಿ,” ಅಂದಳು. ನಾನೂ ಕರಗಿದೆ, ಇಲ್ಲ ಅನ್ನಲ್ಲ. ಆಮೇಲೆ ಅವಳು ಮನೆಯೊಳಗೆಲ್ಲ ಓಡಾಡಿ, ಹೊರಗೆ ಬಂದು, ಹುಡುಗರಿಗೆ ಫ್ರಿಜ್ ಮೇಲೆ ಒಂದು ಬೆಡ್‌ಶೀಟ್ ಹೊದಿಸಿ ಅಂದಳು. ಮಗನ ಬೈಕನ್ನು ಕೊಟ್ಟಿಗೆ ಹಿಂದಕ್ಕೆ ತಳ್ಳಿಸಿದಳು. ಹೊಸ ಸುಣ್ಣದ ಗೋಡೆ ಬೇಡ ಅಂತ ನನ್ನನ್ನು ಹಳೇ ಸೌದೆ ಕೊಟ್ಟಿಗೆ ಮುಂದೆ ಕೂರಿಸಿದಳು.

“ಈಗ ನಿಮ್ಮ ಕಷ್ಟ ಹೇಳಿ ಅಜ್ಜಿ.”

“ಏನ್ ಕಷ್ಟವ್ವ?”

“ಅದೇ, ಮಳೆ ಇಲ್ಲ, ಸಾಲ, ಮೊಮ್ಮಗಳು ದುಡಿದ್ರೇನೇ ಊಟ ಅಂತ.”

“ಬೋರಲ್ಲಿ ನೀರೈತೆ. ಸೊಪ್ಪೈತೆ. ಅವಳ ಸಂಬಳದಲ್ಲಿ ಅವಳು ಬಂಡೆ ಹತ್ತೋ ಶೂ ತಗತಾಳೆ. ಕಷ್ಟ ಅಂದ್ರೆ ನನಗೆ ಒಸಿ ಮಂಡಿನೋವು ಅಷ್ಟೇಯ.”

ಅವಳ ಮುಖ ಬಾಡಿತು. ಕ್ಯಾಮೆರಾದವನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಅಂದಳು. ಆಮೇಲೆ ಸೌದೆ ಒಲೆ ಹಚ್ಚಿ ಊದಿ ಅಜ್ಜಿ ಅಂದಳು. ನಮ್ಮ ಮನೆಯಲ್ಲಿ ಗ್ಯಾಸ್ ಬಂದು ಎಷ್ಟೋ ಕಾಲವಾಯಿತು, ಆ ಒಲೆಯಲ್ಲಿ ಈಗ ಹಂಡೆ ನೀರು ಕಾಯಿಸುವುದು ಅಷ್ಟೆ. ಮಕ್ಕಳು ಕೇಳುತ್ತವೆ, ಹೋಗಲಿ ಅಂತ ಊದಿದೆ. ಹಸಿ ಸೌದೆ. ಹೊಗೆ ತುಂಬಿ ಕಣ್ಣೆಲ್ಲ ನೀರು, ಮೂಗೆಲ್ಲ ನೀರು. ಸೆರಗಲ್ಲಿ ಒರೆಸಿಕೊಂಡೆ. “ಸೂಪರ್ ಅಜ್ಜಿ, ಸೂಪರ್,” ಅಂದಳು.

ಹುಳದ ಮನೆಯೊಳಗೆ ಹೋಗುತ್ತೇವೆ ಅಂದಾಗ ಮಾತ್ರ ನಾನು ಬಾಗಿಲಿಗೆ ಅಡ್ಡ ನಿಂತೆ. ರೇಷ್ಮೆ ಹುಳಕ್ಕೆ ಸೆಂಟಿನ ವಾಸನೆ ಆಗಲ್ಲ, ಸೊಪ್ಪು ಮುಟ್ಟದೆ ಮುಖ ತಿರುಗಿಸುತ್ತವೆ. ಆ ವ್ಯಾನಿನವರೆಲ್ಲ ಮೈಗೆ ಸೆಂಟು ಹೊಡೆದುಕೊಂಡು ಬಂದಿದ್ದರು. “ಸ್ನಾನ ಮಾಡ್ಕಬನ್ನಿ, ಬುಡ್ತೀನಿ,” ಅಂದೆ. ಯಾರೂ ಮಾಡಲಿಲ್ಲ. ನನ್ನ ಮಾತು ನಡೆದಿದ್ದು ಆವತ್ತು ಅದೊಂದೇ.

ಹೊರಡುವಾಗ ಆ ಹುಡುಗಿ ಇನ್ನೊಂದು ಕೇಳಿದಳು. ನಾನು ಜಗಲಿ ಮೇಲೆ ನಿಂತು, ಊರ ಹಿಂದಿನ ಬೆಟ್ಟದ ಕಡೆ ಮುಖ ಮಾಡಿ, ಮೊಮ್ಮಗಳನ್ನು ಊಟಕ್ಕೆ ಕರೆಯುವ ಹಾಗೆ ಅವಳ ಹೆಸರು ಹಿಡಿದು ಕೂಗಬೇಕು. ನಾನು ಆಗಲ್ಲ ಅಂದೆ. ಯಾಕೆ ಅಂತ ಕೇಳಿದಳು. ಹೇಳಿದೆ.

ನಮ್ಮೂರ ಬೆಟ್ಟದ ಮೇಲೆ ಬಸವಣ್ಣನ ಗುಡಿ ಇದೆ. ಕಾರ್ತಿಕ ಸೋಮವಾರ ಅಲ್ಲಿಗೆ ದೀಪದ ಎಣ್ಣೆ ಹೊತ್ತು ಹೋಗುವುದು ನಮ್ಮ ಮನೆಯವರ ಪಾಲಿನ ಕೆಲಸ. ಅರ್ಧದವರೆಗೆ ಕಾಲುದಾರಿ, ಅಲ್ಲಿಂದ ಮೇಲೆ ಬರೀ ಬೋಳುಬಂಡೆ, ಹಿಡಿಯಕ್ಕೆ ಒಂದು ಹುಲ್ಲುಕಡ್ಡಿ ಇಲ್ಲ. ಆ ಬಂಡೆಯ ಮೇಲೆ ಮನುಷ್ಯರು ಇರುವಾಗ ಕೆಳಗಿಂದ ಹೆಸರು ಹಿಡಿದು ಕರೆಯಬಾರದು. ಇದು ನಮ್ಮೂರ ಕಟ್ಟಳೆ. ಕರೆದರೆ ತಿರುಗುತ್ತಾರೆ, ತಿರುಗಿದರೆ ಕಾಲು ತಪ್ಪುತ್ತೆ. ಏನೇ ಹೇಳುವುದಿದ್ದರೂ ಅವರು ಇಳಿದು ಬರುವವರೆಗೆ ಬಾಯಿ ಕಟ್ಟಿಕೊಂಡು ಕಾಯಬೇಕು. ಒಂದೇ ಒಂದಕ್ಕೆ ಮಾತ್ರ ಕರೆಯುತ್ತಾರೆ. ಮನೆಯಲ್ಲಿ ಸಾವಾದರೆ. ನನ್ನ ಗಂಡ ಒಂದು ಸಲ ಎಣ್ಣೆ ಹೊತ್ತು ಬಂಡೆಯ ಮೇಲಿದ್ದಾಗ ಅವರ ಅಪ್ಪ ಮನೆಯಲ್ಲಿ ಪ್ರಾಣ ಬಿಟ್ಟರು. ಆಗ ಕೂಗಿದ್ದರು. ನಮ್ಮ ಮನೆಯ ಮಕ್ಕಳಿಗೆಲ್ಲ ಇದು ಹಾಲಿನ ಜೊತೆ ಇಳಿದಿರುವ ಮಾತು. ಬಂಡೆ ಮೇಲಿದ್ದಾಗ ಕೆಳಗಿಂದ ಮನೆಯವರ ದನಿ ಕೇಳಿದರೆ ಯಾರೋ ಹೋದರು ಅಂತಲೇ ಅರ್ಥ.

ಟೋಪಿ ಹುಡುಗಿ ಕಣ್ಣರಳಿಸಿ ಕೇಳಿದಳು. “ಹೌದಾ ಅಜ್ಜಿ? ಎಷ್ಟು ಇಂಟರೆಸ್ಟಿಂಗ್.”

ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು. “ಕೂಗಜ್ಜಿ, ನಾನಿಲ್ಲೇ ಇದೀನಲ್ಲ. ಬಂಡೆ ಮೇಲೆ ಯಾರವರೆ?” ಅಂತ ನಕ್ಕಳು. ಅದೂ ಸರಿ ಅನ್ನಿಸಿತು. ಬೆಟ್ಟದ ಕಡೆ ಮುಖ ಮಾಡಿ ಗಂಟಲು ಬಿಟ್ಟು ಕೂಗಿದೆ. ನನ್ನ ದನಿಗೆ ಪಕ್ಕದ ಮನೆಯ ಎಮ್ಮೆ ತಲೆಯೆತ್ತಿ ನೋಡಿತು. ಎಲ್ಲರೂ ನಕ್ಕರು. ಒಬ್ಬಟ್ಟು ತಿಂದರು. ಹೋದರು.

ಕೆಲವು ದಿನ ಆದಮೇಲೆ ನನ್ನನ್ನು ಕನಕಪುರದ ಆಚೆ ಇರುವ ಆ ಬಂಡೆಯ ಹತ್ತಿರ ಕರೆಸಿಕೊಂಡರು. ಹುಳ ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ರಾಶಿ ರಾಶಿ ಸೊಪ್ಪು ತಿನ್ನುವ ಹೊತ್ತು, ಮಗ ಸೊಸೆ ಬಿಟ್ಟು ಬರುವ ಹಾಗಿರಲಿಲ್ಲ. ನಾನೊಬ್ಬಳೇ ಹೋದೆ. ಆ ವಾರದ ಆಟದಲ್ಲಿ ಹತ್ತುವವರ ಮನೆಯವರು ಬಂಡೆಯ ಬುಡದಲ್ಲಿ ನಿಂತು ಕೂಗಿ ಕೂಗಿ ಹುರಿದುಂಬಿಸಬೇಕಂತೆ. ಇದನ್ನು ನನಗೆ ಹೇಳಿದ್ದು ಅಲ್ಲಿಗೆ ಹೋದಮೇಲೆ. ನಾನು ಬಂದಿರುವುದು ಮೊಮ್ಮಗಳಿಗೆ ಗೊತ್ತೇ ಇರಲಿಲ್ಲ. ಅದು ಅವಳಿಗೆ ಸರ್‌ಪ್ರೈಸ್ ಅಂತೆ.

ಬಂಡೆ ಅಂದರೆ ಅದು ಬಂಡೆ. ಆನೆ ಮಲಗಿದ ಹಾಗಲ್ಲ, ಆನೆ ಎದ್ದು ನಿಂತ ಹಾಗೆ. ಮಧ್ಯದಲ್ಲಿ ಒಂದು ಕಡೆ ಹೊಟ್ಟೆ ಬೇರೆ ಮುಂದಕ್ಕೆ ಬಂದಿದೆ. ಅವಳಿಗಿಂತ ಮುಂಚೆ ಒಬ್ಬ ಹುಡುಗ ಹತ್ತಿದ. ಅವನ ಅಪ್ಪ ಅಮ್ಮ ಅಕ್ಕ ಎಲ್ಲ ಕುಣಿದು ಕೂಗಿದರು. ಅವನು ಹತ್ತಿದ. ಒಳ್ಳೆಯದಾಗಲಿ. ಅವರೂರ ಪದ್ಧತಿ ಅವರಿಗೆ.

ನಮ್ಮವಳ ಸರದಿ ಬಂತು. ನನ್ನನ್ನು ಕ್ಯಾಮೆರಾದ ಹಿಂದೆ ಮರೆಯಲ್ಲಿ ನಿಲ್ಲಿಸಿದ್ದರು. ಅವಳು ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಅಂಗೈಗೆ ಬಿಳಿ ಪುಡಿ ಹಚ್ಚಿಕೊಂಡು, ಬಂಡೆಗೆ ಹಣೆ ಮುಟ್ಟಿಸಿ ಶುರು ಮಾಡಿದಳು. ಅವಳು ಹತ್ತುವುದನ್ನು ಅಷ್ಟು ಹತ್ತಿರದಿಂದ ನಾನು ಅದುವರೆಗೆ ನೋಡಿರಲಿಲ್ಲ. ಅವಸರ ಇಲ್ಲ. ಒಂದು ಕೈ ಹುಡುಕುತ್ತೆ, ಹಿಡಿಯುತ್ತೆ. ಕಾಲು ಹುಡುಕುತ್ತೆ, ಊರುತ್ತೆ. ಹುಳ ಎಲೆ ಅಂಚು ಹಿಡಿದು ಸಾಗುವ ಹಾಗೆ ಸಾಗಿದಳು. ನನಗೆ ನಗು ಬರುತ್ತಿತ್ತು. ನನ್ನ ಮನೆಯ ಕೂಸು, ನಾನು ಎಣ್ಣೆ ಹಚ್ಚಿ ನೀರು ಹುಯ್ದ ಕೂಸು, ಆಕಾಶಕ್ಕೆ ಅಂಟಿಕೊಂಡಿದೆ.

“ಕೂಗಿ ಅಜ್ಜಿ,” ಅಂದಳು ಟೋಪಿ ಹುಡುಗಿ.

ನಾನು ಆಗಲ್ಲ ಅಂತ ಕೈ ಆಡಿಸಿದೆ. ಅವಳಿಗೆ ಗೊತ್ತಿದೆಯಲ್ಲ, ಹೇಳಿದ್ದೆನಲ್ಲ. ಅವಳು ನನ್ನ ಕಿವಿಯ ಹತ್ತಿರ ಬಂದು, “ಅಜ್ಜಿ, ನೀವು ಕೂಗಲಿಲ್ಲ ಅಂದ್ರೆ ಪ್ರೋಗ್ರಾಮ್ ಆಗಲ್ಲ. ಒಂದೇ ಸಲ,” ಅಂದಳು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಶೋ ನಡೆಸುವ ಹುಡುಗನೂ ಮೈಕು ಹಿಡಿದುಕೊಂಡು ಬಂದ. “ಅಜ್ಜಿಗೆ ಭಯ ಆಗಿದೆ,” ಅಂತ ಕ್ಯಾಮೆರಾಗೆ ಹೇಳಿದ. ನನಗೇನು ಭಯ? ಭಯ ಇದ್ದಿದ್ದರೆ ನಾನು ಬಾಯಿ ಮುಚ್ಚಿಕೊಂಡು ನಿಲ್ಲಕ್ಕೆ ಆಗುತ್ತಿತ್ತಾ?

ಆಗ ಟೋಪಿ ಹುಡುಗಿ ಅತ್ತ ಕಡೆ ಕೂತಿದ್ದ ಒಬ್ಬನಿಗೆ ಕೈಸನ್ನೆ ಮಾಡಿದಳು. ಮರದಲ್ಲಿ ಕಟ್ಟಿದ್ದ ದೊಡ್ಡ ಸ್ಪೀಕರಿನಲ್ಲಿ ನನ್ನ ದನಿ ಬಂತು. ನಮ್ಮ ಮನೆಯ ಜಗಲಿಯ ಮೇಲೆ ನಿಂತು ಕೂಗಿದ್ದೆನಲ್ಲ, ಅದೇ ದನಿ. ನನ್ನ ಮೊಮ್ಮಗಳ ಹೆಸರು, ಬಂಡೆಗೆಲ್ಲ ಬಡಿದು, ಇನ್ನೊಂದು ಸಲ ಅವಳ ಹೆಸರು.

ಅವಳು ಆ ಹೊಟ್ಟೆ ಬಂದ ಜಾಗದಲ್ಲಿದ್ದಳು. ತಿರುಗಿದಳು. ತಿರುಗದೆ ಇರುತ್ತಾಳಾ? ಮನೆಯಲ್ಲಿ ಯಾರು ಹೋದರು ಅಂತ ಅವಳ ಜೀವ ಹಾರಿರುತ್ತೆ. ಬಲಗೈ ಬಿಟ್ಟಿತು, ಕಾಲು ಜಾರಿತು, ಹಗ್ಗದಲ್ಲಿ ತೂಗಿಕೊಂಡು ಹೋಗಿ ಬಂಡೆಗೆ ಮಂಡಿ ಹೊಡೆದುಕೊಂಡಳು. ಪೀ ಅಂತ ಏನೋ ಊದಿದರು. ಔಟಾದಳು ಅಂತ ಶೋ ಹುಡುಗ ಸಪ್ಪೆ ಮುಖ ಮಾಡಿಕೊಂಡು ಮೈಕಿನಲ್ಲಿ ಹೇಳಿದ.

ನಾನು ಕ್ಯಾಮೆರಾಗಳನ್ನು ತಳ್ಳಿಕೊಂಡು ಮುಂದೆ ಹೋದೆ. ಯಾರದೋ ಛತ್ರಿ ಬಿತ್ತು, ಬೀಳಲಿ. ಅವಳು ಹಗ್ಗದಲ್ಲಿ ನೇತಾಡುತ್ತಾ ಕೆಳಗೆ ಹುಡುಕುತ್ತಿದ್ದಳು. ಅವಳಿಗೆ ನಾನು ಕಂಡೆ. ಬಾಯಿ ತೆರೆಯಲಿಲ್ಲ. ಎರಡು ಕೈಯನ್ನೂ ಎತ್ತಿ ಅಗಲ ಮಾಡಿ ಆಡಿಸಿದೆ, ಏನೂ ಆಗಿಲ್ಲ, ಎಲ್ಲರೂ ಚೆನ್ನಾಗವ್ರೆ ಅನ್ನುವ ಹಾಗೆ. ಅವಳು ಸುಮಾರು ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಮುಖವನ್ನು ಬಂಡೆಯ ಕಡೆ ತಿರುಗಿಸಿಕೊಂಡಳು.

“ಇಳಿಸಿ, ಇಳಿಸಿ, ಟೈಮ್ ಇಲ್ಲ,” ಅಂತ ಟೋಪಿ ಹುಡುಗಿ ಕೂಗಿದಳು. ಕೆಳಗೆ ಹಗ್ಗ ಹಿಡಿದಿದ್ದ ಮನುಷ್ಯ ಗಡ್ಡ ನರೆತವನು, ಎಲ್ಲಿಯವನೋ, ಕನ್ನಡ ಅಷ್ಟಕ್ಕಷ್ಟೆ. ಅವನು ಮೇಲೆ ನೋಡಿದ, ಅವಳ ಕೈ ಮತ್ತೆ ಬಂಡೆ ಹಿಡಿದಿದ್ದು ನೋಡಿದ. ಹಗ್ಗ ಇಳಿಸಲಿಲ್ಲ. ಟೋಪಿ ಹುಡುಗಿ ಇನ್ನೊಂದು ಸಲ ಕಿರುಚಿದಳು. ಅವನು ಕಿವಿ ಕೇಳದವನ ಹಾಗೆ ನಿಂತ.

ಅವಳು ಔಟಾದಮೇಲೆ ಹತ್ತಿದಳು. ಯಾರೂ ಹತ್ತು ಅಂದಿರಲಿಲ್ಲ. ಹತ್ತಿದರೆ ಏನೂ ಕೊಡುತ್ತಿರಲಿಲ್ಲ. ಮಂಡಿಯಿಂದ ರಕ್ತ ಇಳಿದು ಶೂ ಕೆಂಪಾಗಿತ್ತು. ಆ ಹೊಟ್ಟೆಯ ಜಾಗದಲ್ಲಿ ಮತ್ತೆ ತಡೆದಳು, ಎಡಗೈ ಹುಡುಕಿತು, ಸಿಗಲಿಲ್ಲ, ಇನ್ನೂ ಆಚೆ ಹುಡುಕಿತು, ಸಿಕ್ಕಿತು. ದಾಟಿದಳು. ಕೆಳಗೆ ಆಗ ನಿಜವಾಗಲೂ ಗಪ್‌ಚಿಪ್. ಆ ಹುಡುಗನ ಅಪ್ಪ ಅಮ್ಮ ಕೂಡ ಕೂಗುವುದು ಬಿಟ್ಟು ಕತ್ತೆತ್ತಿ ನಿಂತಿದ್ದರು. ಅವಳು ನೆತ್ತಿಗೆ ಹೋಗಿ, ಎದ್ದು ನಿಂತು, ಕಾಣದಾದಳು. ನಾನು ನೆಲಕ್ಕೆ ಕೂತುಬಿಟ್ಟೆ. ನನ್ನ ವಯಸ್ಸಿಗೆ ಇನ್ನೇನು ಬೇಕು? ಮದುವೆಯಾದಾಗ, ಮಗ ಹುಟ್ಟಿದಾಗ ಕೂಡ ನನಗೆ ಅಂಥ ಸಂತೋಷ ಆಗಿರಲಿಲ್ಲ, ಮಗ ಓದಿದರೆ ಓದಿಕೊಳ್ಳಲಿ. ಪಕ್ಕದಲ್ಲಿ ಒಂದು ಕ್ಯಾಮೆರಾ ಅವಳ ಕಡೆಗೇ ತಿರುಗಿತ್ತು. ಅದರ ಕೆಂಪು ದೀಪ ಉರಿಯುತ್ತಲೇ ಇತ್ತು. ಹಿಡಿದುಕೊಂಡರು, ಇನ್ನು ನಾಡೆಲ್ಲ ನೋಡುತ್ತೆ ಅಂದುಕೊಂಡೆ.

ಶನಿವಾರ ದೀಪ ಹಚ್ಚುವ ಹೊತ್ತಿಗೆ ನಮ್ಮ ಹಜಾರದಲ್ಲಿ ಬೀದಿಯವರೆಲ್ಲ ಸೇರಿದ್ದರು. ಮೊಮ್ಮಗಳು ಸೆಕೆಂಡ್ ಶಿಫ್ಟಿಗೆ ಹೋಗಿದ್ದಳು. ಟೀವಿಯಲ್ಲಿ ಮೊದಲು ಸೌದೆ ಕೊಟ್ಟಿಗೆ ಬಂತು. ಬಡತನದಲ್ಲಿ ಅರಳಿದ ಹೂವು ಅಂತ ಒಬ್ಬ ಗಂಡಸಿನ ದನಿ ಹೇಳಿತು. ಮಗ ಮುಖ ಸಿಂಡರಿಸಿದ. ಆಮೇಲೆ ಬಂಡೆ. ಆಮೇಲೆ ನಾನು, ಬಾಯಿಗೆ ಸೆರಗು ತುರುಕಿಕೊಂಡು. ಸ್ಪೀಕರಿನ ದನಿ ಅವರು ಹಾಕಲೇ ಇಲ್ಲ, ಅದರ ಬದಲು ಪಿಟೀಲು ಹಾಕಿದರು. ಅವಳು ಸುಮ್ಮನೆ ತಿರುಗಿ ಸುಮ್ಮನೆ ಜಾರಿದ ಹಾಗೆ ಕಂಡಿತು. ಎಡಗಡೆಯಿಂದ ಜಾರಿದಳು, ಬಲಗಡೆಯಿಂದ ಜಾರಿದಳು, ನಿಧಾನಕ್ಕೆ ಜಾರಿದಳು, ಇನ್ನೂ ನಿಧಾನಕ್ಕೆ ಜಾರಿದಳು. ಅದಾದಮೇಲೆ ನಾನು ಅಳುತ್ತಿದ್ದೆ. ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದೆ. ಹಸಿ ಸೌದೆಯ ಹೊಗೆಗೆ ಬಂದ ನೀರು ಅದು. ಹೊಗೆ ಕಾಣದ ಹಾಗೆ ಮುಖ ಮಾತ್ರ ದೊಡ್ಡದು ಮಾಡಿ ಹಾಕಿದ್ದರು. ಕೆಳಗೆ ಅಕ್ಷರ ಬಂತು, ನಾನು ಕೂಡಿಸಿಕೊಂಡು ಓದಿದೆ: ಅಜ್ಜಿಯ ಮೌನವೇ ಮುಳುವಾಯಿತೇ?

ಅಲ್ಲಿಗೆ ಮುಗಿಯಿತು. ಸೋಪಿನ ಅಡ್ವಟೈಸ್ ಬಂತು.

ಹಜಾರದಲ್ಲಿ ಯಾರೂ ನನ್ನ ಕಡೆ ನೋಡಲಿಲ್ಲ. ಪಕ್ಕದ ಮನೆಯಾಕೆ, “ಒಂದ್ ಸಲ ಕೂಗ್ಬೋದಿತ್ತು ಕಣಕ್ಕ, ಟೀವಿ ಅಲ್ವಾ,” ಅಂದಳು. ನಮ್ಮೂರಲ್ಲೇ ಹುಟ್ಟಿದವಳು. ಅವಳ ಮಾವನೂ ಆ ಬಂಡೆ ಹತ್ತಿದವರೇ. ಸೊಸೆ ಮಾತ್ರ, ಬಂಡೆ ಅಂದರೆ ಆಗದ ನನ್ನ ಸೊಸೆ, ಎದ್ದು ಟೀವಿ ಆರಿಸಿ, “ಕಾಫಿ ಇಲ್ಲ, ಹಾಲು ಆಗೋಗೈತೆ,” ಅಂತ ಎಲ್ಲರನ್ನೂ ಕಳಿಸಿದಳು. ಹಾಲು ಪಾತ್ರೆ ತುಂಬ ಇತ್ತು.

ಅದಾದಮೇಲೆ ಶುರುವಾಯಿತು. ಕಂಪನಿ ಬಸ್ಸಿನಲ್ಲಿ ಹುಡುಗರು ಮೊಮ್ಮಗಳಿಗೆ, ಜೋಪಾನ ಮೆಟ್ಟಿಲು ಹತ್ತು, ಅಜ್ಜಿ ಬಂದು ಕೂಗ್ಬೇಕಾ ಅಂತಾರಂತೆ. ಅವಳು ನಕ್ಕುಕೊಂಡು ಬಂದು ನನಗೇ ಹೇಳುತ್ತಾಳೆ. ನಾನು ನಗಲ್ಲ.

ಹೂವಿನವಳ ಮಾತು ಕೇಳಿ ಬಂದ ಮಾರನೇ ದಿನ ಟೋಪಿ ಹುಡುಗಿಯ ಫೋನು ಬಂತು. ಕೊನೆಯ ಎಪಿಸೋಡಿಗೆ ಎಲ್ಲರ ಮನೆಯವರನ್ನೂ ಕರೆಯುತ್ತಿದ್ದಾರಂತೆ.

“ಅಜ್ಜಿ, ನಿಮ್ಮ ಮೊಮ್ಮಗಳು ತುದಿಗೆ ಹೋಗಿದ್ದು ನಮ್ಮ ಹತ್ರ ಇದೆ. ಸ್ಟೇಜ್ ಮೇಲೆ ದೊಡ್ಡ ಪರದೆಯಲ್ಲಿ ಹಾಕ್ತೀವಿ. ಅದಕ್ಕೆ ಮುಂಚೆ ನೀವು ಒಂದೇ ಮಾತು ಹೇಳಬೇಕು. ನಾನು ಕೂಗದೆ ಇದ್ದಿದ್ದರಿಂದ ಅವಳು ಬಿದ್ದಳು, ಮೂಢನಂಬಿಕೆ, ತಪ್ಪಾಯ್ತು ಅಂತ. ಆಮೇಲೆ ಅವಳು ಬಂದು ನಿಮ್ಮನ್ನ ತಬ್ಕೊಳ್ತಾಳೆ. ತುಂಬಾ ಚೆನ್ನಾಗಿರುತ್ತೆ.”

ನನಗೆ ಬಾಯಿಗೆ ಬಂದಿದ್ದೆಲ್ಲ ಬೈಯಬೇಕು ಅನ್ನಿಸಿತು. ನನ್ನ ಬಾಯಿಂದ ಕಟ್ಟಳೆ ಕೇಳಿಕೊಂಡು, ಅವಳು ತಿರುಗೇ ತಿರುಗುತ್ತಾಳೆ ಅಂತ ತಿಳಿದುಕೊಂಡೇ, ನನ್ನ ದನಿಯಲ್ಲೇ ಅವಳನ್ನು ಕೆಡವಿ, ಈಗ ತಪ್ಪಾಯ್ತು ಅಂತ ನಾನು ಹೇಳಬೇಕು. ಆದರೂ ನಾನು ಬೈಯಲಿಲ್ಲ. ನನ್ನ ಕಣ್ಣ ಮುಂದೆ ಆ ದೊಡ್ಡ ಪರದೆ ಬಂತು. ಅದರ ಮೇಲೆ ನನ್ನ ಮೊಮ್ಮಗಳು ಆ ಹೊಟ್ಟೆಯ ಜಾಗ ದಾಟುತ್ತಿದ್ದಾಳೆ. ಬಸ್ಸಿನ ಹುಡುಗರು ನೋಡುತ್ತಾರೆ, ಪಕ್ಕದ ಮನೆಯಾಕೆ ನೋಡುತ್ತಾಳೆ. ಒಂದು ಸುಳ್ಳು ತಾನೆ. ನನ್ನ ಮರ್ಯಾದೆ ಕಟ್ಟಿಕೊಂಡು ಏನಾಗಬೇಕು?

“ಆಯ್ತು, ಬತ್ತೀನಿ. ಹೇಳ್ತೀನಿ,” ಅಂದೆ.

ಮೊಮ್ಮಗಳು ಹಿಂದೆ ನಿಂತಿದ್ದಾಳೆ ಅಂತ ಗೊತ್ತಿರಲಿಲ್ಲ. ಕೈಯಿಂದ ಫೋನು ತೆಗೆದುಕೊಂಡು, “ನಮ್ಮಜ್ಜಿ ಬರಲ್ಲ ಮೇಡಂ,” ಅಂತ ಹೇಳಿ ಕಟ್ ಮಾಡಿದಳು.

ನನಗೆ ಎಲ್ಲಿತ್ತೋ ಸಿಟ್ಟು. ಟೋಪಿ ಹುಡುಗಿಗೆ ಬೈಯಬೇಕಾಗಿದ್ದನ್ನೆಲ್ಲ ಇವಳಿಗೆ ಬೈದೆ. “ಯಾಕೆ ಕಟ್ ಮಾಡ್ದೆ? ತೋರ್ಸ್ತೀನಿ ಅಂದ್ಲು. ನೀನು ಹತ್ತಿದ್ದ ತೋರ್ಸ್ತೀನಿ ಅಂದ್ಲು.”

“ನಿನ್ನ ಬಾಯಲ್ಲಿ ಸುಳ್ಳು ಹೇಳ್ಸಿ ತೋರ್ಸೋದು ಬೇಡ.”

“ನನ್ನ ಬಾಯಿ, ನನ್ನ ಸುಳ್ಳು. ನಿನಗೇನು ಗಂಟು ಹೋಗ್ತಿತ್ತು?”

“ನೀನು ನೋಡಿದ್ಯಲ್ಲಜ್ಜಿ. ನನಗೆ ಅಷ್ಟು ಸಾಕು.”

“ನಿನಗೆ ಸಾಕಾಗ್ತದೆ. ನನಗೆ ಸಾಕಾಗಲ್ಲ ಕಣೆ,” ಅಂದೆ.

ಈಗಲೂ ಸಾಕಾಗಿಲ್ಲ. ನಾನು ದೊಡ್ಡ ಮನಸ್ಸಿನವಳಲ್ಲ. ನನ್ನ ಕೂಸು ಮಾಡಿದ್ದನ್ನು ಜನ ನೋಡಬೇಕು. ಆ ಕ್ಯಾಮೆರಾದ ಹೊಟ್ಟೆಯಲ್ಲಿ ಅವಳು ಇನ್ನೂ ಬಂಡೆ ಹತ್ತುತ್ತಾ ಇದ್ದಾಳೆ, ಅದನ್ನು ಹೊರಗೆ ಬಿಡದೆ ಇಟ್ಟುಕೊಂಡಿದ್ದಾರೆ ಅಂತ ನೆನೆದರೆ ಸೊಪ್ಪು ಕುಯ್ಯುವಾಗ ಕುಡುಗೋಲು ಕೈಗೇ ಬರುತ್ತೆ.

ಆವತ್ತು ಮಧ್ಯಾಹ್ನದವರೆಗೂ ನಾನು ತೋಟದಲ್ಲೇ ಇದ್ದೆ. ಊಟಕ್ಕೆ ಕೂತಾಗ ಅವಳು ಮುದ್ದೆ ಮುರಿದು ಸಾರಿಗೆ ತಟ್ಟೆ ಚಾಚಿದಳು. ಬಡಿಸಿದೆ. ಮಂಡಿಯ ಗಾಯ ಒಣಗಿ ಹಕ್ಕಳೆ ಕಟ್ಟಿತ್ತು. ಅದನ್ನು ನೋಡುತ್ತಾ ನನಗೆ ಒಂದು ಹೊಳೆಯಿತು. ಇಷ್ಟು ದಿನ ಬಿದ್ದೆಯಾ, ಯಾಕೆ ಬಿದ್ದೆ, ಯಾರು ಬೀಳಿಸಿದರು ಅಂತಲೇ ಎಲ್ಲರೂ ಕೇಳಿದ್ದು. ನಾನೂ ಅದರಲ್ಲೇ ಕುದಿಯುತ್ತಿದ್ದೆ. ಮೇಲೆ ಹೋದಮೇಲೆ ಏನಾಯಿತು ಅಂತ ಈ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ.

“ಮೇಲೆ ಏನಿತ್ತು ಮಗ?”

ಅವಳು ತುತ್ತು ನುಂಗಿ ನನ್ನ ಕಡೆ ನೋಡಿದಳು. ಮುಖ ಅರಳಿಬಿಟ್ಟಿತು, ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದವಳ ಹಾಗೆ.

“ಒಂದು ದೊಣೆ ಐತೆ ಕಣಜ್ಜಿ, ಮಳೆನೀರು ನಿಂತೈತೆ. ಅದ್ರೊಳಗೆ ಕಪ್ಪೆಮರಿ ಓಡಾಡ್ತವೆ. ಅಷ್ಟೆತ್ತರಕ್ಕೆ ಕಪ್ಪೆ ಹೆಂಗ್ ಹೋಯ್ತೋ. ಮಂಡಿ ತೊಳ್ಕಂಡೆ. ಆಮೇಲೆ ಪಕ್ಕದಲ್ಲಿ ಬಂಡೆ ಮೇಲೆ ಹುಲಿಕುರಿ ಆಟದ ಮನೆ ಕೊರೆದವ್ರೆ. ಗೆರೆ ಎಲ್ಲ ಸವೆದೋಗಿ ನುಣ್ಣಗಾಗದೆ.”

“ಯಾರೋ ಕುರಿ ಕಾಯೋರು ಕೊರೆದಿರ್ತಾರೆ.”

“ಹಗ್ಗ ಇಲ್ದೆ ಹೋಗಿರ್ತಾರೆ ಅಲ್ವಾ? ಆಡಕ್ಕೆ ಅಂತ.”

“ನೀನು ಆಡ್ದಾ?”

“ಒಬ್ಳೇ ಹೆಂಗಾಡ್ಲಿ? ಕಲ್ಲು ಜೋಡಿಸ್ಕಂಡು ಒಸಿ ಹೊತ್ತು ಕೂತಿದ್ದೆ. ಎರಡು ಕಡೆನೂ ನಾನೇ ನಡೆಸ್ದೆ. ಕೆಳಗೆ ಆ ಟೋಪಿಯಮ್ಮ ಇಳಿ ಇಳಿ ಅಂತ ಮೈಕಲ್ಲಿ ಬಡ್ಕತಿದ್ಲು.”

“ಯಾರು ಗೆದ್ರು?”

“ಕುರಿ,” ಅಂದಳು. ಇನ್ನೊಂದು ಸೌಟು ಸಾರು ಕೇಳಿದಳು.